ಮುಂದಿನ ಚಕ್ರದ ಸದ್ದು

ಐವತ್ತರ ದಶಕದಲ್ಲಿ ಮೈಸೂರಿನ ನಮ್ಮ ಎದುರುಮನೆಯಲ್ಲಿ ಬಸ್ ರಿಪೇರಿ ಮಾಡಿ ನಿವೃತ್ತರಾದ ಮೆಕ್ಯಾನಿಕ್ ಒಬ್ಬರಿದ್ದರು. ಯಾರ ಗಾಡಿಯಾದರೂ, “ಮೊದ್ಲು ಕೇಳುಸ್ಕಳಿ, ಆಮೇಲೆ ಬಿಚ್ಚಿ” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ತುಂಬು ಬಸುರಿ ತಂಗಿಯನ್ನು ಇಲವಾಲದಿಂದ ಕರೆತರಲು ನಾನು ಕಾರು ತೆಗೆದೆ. ಮುಂದಿನ ಚಕ್ರ ಗೊರಗೊರ ಎಂದಿತು. ಅವರು ಓಡಿಬಂದು ಅಡ್ಡ ನಿಂತರು.

“ಬ್ರೇಕಿನ ಸದ್ದು, ಬಿಡಿ,” ಎಂದೆ.

“ಅದು ತುಳ್ದಾಗ ಬತ್ತದೆ. ಇದು ಸುಮ್ನೆ ಉರುಳುವಾಗ್ಲೂ ಬತ್ತಾ ಅದೆ ಕಣ್ರೀ. ಬೇರಿಂಗು. ಹಿಂಗೇ ಹೋದ್ರೆ ಚಕ್ರನೇ ಕಳಚ್ಕತದೆ.”

ಜಾಕ್ ಕೊಟ್ಟು ಎತ್ತಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರು. ಅದು ಸಡಿಲವಾಗಿ ಕದಲಿತು. ಬಿಚ್ಚಿದಾಗ ಬೇರಿಂಗಿನ ಒಡೆದ ಗುಂಡುಗಳು ಅವರ ಅಂಗೈಗೆ ಬಿದ್ದವು.

ಅವರೇ ಸೈಕಲ್ಲಿನಲ್ಲಿ ಪೇಟೆಗೆ ಹೋಗಿ ಹೊಸದು ತಂದು ಹಾಕಿದರು. ನನ್ನ ಜೊತೆಗೇ ಹೊರಟರು. ಹೋಗುವಾಗ ದಾರಿಯುದ್ದಕ್ಕೂ ಕಿಟಕಿಯಿಂದ ತಲೆ ಹೊರಹಾಕಿ ಚಕ್ರದ ಸದ್ದನ್ನೇ ಆಲಿಸುತ್ತಿದ್ದರು. ತಂಗಿಯನ್ನು ಕೂರಿಸಿಕೊಂಡು ಮರಳುವಾಗ ನನ್ನ ಪಕ್ಕದಲ್ಲೇ ನಿದ್ದೆ ಹೋದರು.