ಮಾಸ್ಟ್ರ ದನಿಯಲ್ಲಿ ಕೂಗಿದ್ದು

ಎರಡು ವರ್ಷದ ಹಿಂದೆ ನಾನು ಬೋವಿಕಾನದ ಹತ್ತಿರದ ಒಂದು ಸಣ್ಣ ವೈನರಿಯಲ್ಲಿ ಸೆಲ್ಲಾರ್ ಅಸಿಸ್ಟೆಂಟ್ ಆಗಿದ್ದೆ. ಹುದ್ದೆಯ ಹೆಸರು ಕೇಳಿ ಹೆದರಬೇಕಾಗಿಲ್ಲ. ಪೈಪು ತೊಳೆಯುವುದು, ಹುಳಿ ಅಳೆಯುವುದು, ಉಳಿದ ಹೊತ್ತಿನಲ್ಲಿ ಎಲ್ಲರ ಮಿಮಿಕ್ರಿ ಮಾಡಿ ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಯಜಮಾನರು ನಿವೃತ್ತ ಕೆಮಿಸ್ಟ್ರಿ ಅಧ್ಯಾಪಕ ಸದಾಶಿವ ಮಾಸ್ಟ್ರು. ಪ್ರತಿ ಮಾತಿಗೂ ಮೊದಲು ಗಂಟಲು ಕೆರೆಯುವ ಅವರ ದನಿ ನನ್ನ ಅತ್ಯುತ್ತಮ ಐಟಂ. ನನ್ನ ಕೂಗಿಗೆ ಅವರ ಹೆಂಡತಿಯೇ ಒಮ್ಮೆ ಚಹಾ ಹಿಡಿದು ಓಡಿ ಬಂದಿದ್ದರು.

ನಾವು ಮಾಡುತ್ತಿದ್ದುದು ಆಂಬರ್ ವೈನ್. ಬಿಳಿ ವೈನಿಗೆ ಹಸಿರು ದ್ರಾಕ್ಷಿಯ ರಸವನ್ನಷ್ಟೇ ಹುದುಗಿಸುತ್ತಾರೆ. ಇಲ್ಲಿ ಸಿಪ್ಪೆ, ಬೀಜ ಎಲ್ಲ ತಿಂಗಳುಗಟ್ಟಲೆ ರಸದಲ್ಲೇ ಇರುತ್ತವೆ. ಇದಕ್ಕೆ ಸ್ಕಿನ್ ಕಾಂಟ್ಯಾಕ್ಟ್ ಎನ್ನುತ್ತಾರೆ. ಬಣ್ಣ ಜೇನಿನದು, ಬಾಯಿಗೆ ಕಡು ಚಹಾದ ಒಗರು. ಯೀಸ್ಟಿನ ಪ್ಯಾಕೆಟ್ ಇಲ್ಲ, ಸಿಪ್ಪೆಯ ಮೇಲೆ ತಾನಾಗಿ ಇರುವುದೇ ಸಾಕು. ಸಾವಿರದಿನ್ನೂರು ಲೀಟರಿನ ನಾಲ್ಕು ಮಣ್ಣಿನ ಭರಣಿಗಳನ್ನು ಕುತ್ತಿಗೆವರೆಗೆ ನೆಲದಲ್ಲಿ ಹೂತಿದ್ದೆವು. ವೈನ್ ತೆಗೆದ ಮೇಲೆ ತಳದ ಸಿಪ್ಪೆಯನ್ನು ಒಬ್ಬರು ಒಳಗಿಳಿದು ಎತ್ತಬೇಕು. ಹುದುಗುವ ಸಿಪ್ಪೆ ಬಿಡುವ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ. ಕಣ್ಣಿಗೆ ಕಾಣದೆ ತಳದಲ್ಲಿ ಕೂತಿರುತ್ತದೆ.

ಇಳಿಯುವವರು ಐತಪ್ಪಣ್ಣ. ನೀರಿಗಾಗಿ ಗುಡ್ಡದೊಳಕ್ಕೆ ಸುರಂಗ ಕೊರೆಯುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದವರು. ಉರಿಯುವ ದೀಪ ಆರಿದರೆ ಅಲ್ಲಿ ಉಸಿರಾಡುವ ಗಾಳಿ ಇಲ್ಲವೆಂದು ಮಾಸ್ಟ್ರಿಗೆ ತೋರಿಸಿಕೊಟ್ಟವರೂ ಅವರೇ. ಐತಪ್ಪಣ್ಣ ಸಿಪ್ಪೆಯ ಬುಟ್ಟಿ ಹೊತ್ತು ಹಿತ್ತಿಲ ಗೊಬ್ಬರದ ಗುಂಡಿಗೆ ಹೋದಾಗ ಮಾಸ್ಟ್ರು ಮುಂದಿನ ಭರಣಿಗೆ ದೀಪ ಇಳಿಸಿ ನೋಡಿ, ಅದು ಆರದಿದ್ದರೆ "ದೀಪ ಉಂಟು" ಎಂದು ಕೂಗುತ್ತಿದ್ದರು. ಐತಪ್ಪಣ್ಣ ಬಂದು ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿ ಇಳಿಯುತ್ತಿದ್ದರು.

ಆ ಬೆಳಿಗ್ಗೆ ಎರಡು ಭರಣಿ ಮುಗಿದಿತ್ತು. ಐತಪ್ಪಣ್ಣ ಗುಂಡಿಯ ಹತ್ತಿರ ಇದ್ದರು. ಮೂರನೆಯದಕ್ಕೆ ದೀಪ ಇಳಿಸುವ ಮೊದಲೇ ಫೋನ್ ಬಂತೆಂದು ಮಾಸ್ಟ್ರು ಅಂಗಳಕ್ಕೆ ಹೋದರು. ನಾನು ಗಂಟಲು ಕೆರೆದೆ.

"ದೀಪ ಉಂಟು ಐತಪ್ಪ! ಎಂತ ತಡ?"

ಬೇರೆ ದಿನವಾದರೆ "ಹೋಗಾ ಮಂಗ" ಎಂಬ ಉತ್ತರ ಬರುತ್ತಿತ್ತು. ಬರಲಿಲ್ಲ. ಜೋಕು ಬಿದ್ದುಹೋಯಿತೆಂದುಕೊಂಡು ಪೈಪು ತೊಳೆಯಲು ಬಿಟ್ಟಿದ್ದ ನಲ್ಲಿ ನಿಲ್ಲಿಸಲು ಹೊರಗೆ ಹೋದೆ. ಮರಳಿ ಬಂದಾಗ ಕಂಬದ ಹಗ್ಗ ಮೂರನೆಯ ಭರಣಿಯೊಳಗೆ ಹೋಗಿತ್ತು.

ಬಗ್ಗಿ ನೋಡಿದೆ. ಐತಪ್ಪಣ್ಣ ಸಿಪ್ಪೆಯಲ್ಲಿ ಮುಖವಿಟ್ಟು ಮಡಚಿ ಬಿದ್ದಿದ್ದರು. ಕಿರುಚಿಕೊಂಡೇ ಒಂದು ಕಾಲು ಒಳಗಿಟ್ಟೆ. ಓಡಿ ಬಂದ ಮಾಸ್ಟ್ರು ನನ್ನ ಅಂಗಿ ಹಿಡಿದು ಹಿಂದಕ್ಕೆ ಎಸೆದರು.

"ನೀನೂ ಇಳಿದ್ರೆ ಎರಡು ಹೆಣ! ಹಗ್ಗ ಎಳಿ ಮಾರಾಯ, ಎಳಿ!"

ಎಳೆದೆವು. ತುಟಿ ನೀಲಿಯಾಗಿತ್ತು. ಮಾಸ್ಟ್ರು ಬಾಯಿಗೆ ಬಾಯಿಟ್ಟು ಊದಿದರು.

ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಐದನೆಯ ದಿನ ಮಾತು ಬಂತು, ಕೈನಡುಕ ಮಾತ್ರ ಹೋಗಲಿಲ್ಲ. ಅದೇ ದಿನ ವಿಚಾರಣೆಗೆ ಬಂದ ಅಧಿಕಾರಿ ನಮ್ಮೆಲ್ಲರೆದುರು ಕೇಳಿದಾಗ ಐತಪ್ಪಣ್ಣ ಎಂದರು, "ಮಾಸ್ಟ್ರು ಕರೆದ್ರು, ಇಳಿದೆ."

ಮಾಸ್ಟ್ರು ಅಲ್ಲಗಳೆಯುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು ಒರೆಸಿದರು. "ನನಗೆ ನೆನಪಿಲ್ಲ. ಆದ್ರೆ ಐತಪ್ಪ ಸುಳ್ಳು ಹೇಳುವವನಲ್ಲ. ಕರೆದಿರಬೇಕು. ಪ್ರಾಯ ಆಯ್ತಲ್ಲ."

ಅಧಿಕಾರಿ ಬರೆದುಕೊಳ್ಳತೊಡಗಿದರು. ಊರಿಗೆಲ್ಲ ದನಿ ಕೊಡುತ್ತಿದ್ದವನು ಐದು ದಿನದಿಂದ ಬಾಯಿ ಹೊಲಿದುಕೊಂಡಿದ್ದೆ. "ಕರೆದದ್ದು ನಾನು," ಎಂದೆ.

ಐತಪ್ಪಣ್ಣನ ಹೆಂಡತಿ ಲೀಲಕ್ಕನಿಗೆ ಸಿಟ್ಟು ಬಂತು. "ಯಜಮಾನರನ್ನು ಉಳಿಸ್ಲಿಕ್ಕೆ ಸುಳ್ಳು ಬೇಡ ಮಗಾ. ಇವರಿಗೆ ಮಾಸ್ಟ್ರ ದನಿ ಗೊತ್ತಿಲ್ವಾ?"

ಅಧಿಕಾರಿಯ ಪೆನ್ನು ನಿಲ್ಲಲಿಲ್ಲ. ಬೇರೆ ಸಾಕ್ಷಿ ನನ್ನಲ್ಲಿರಲಿಲ್ಲ. ಗಂಟಲು ಕೆರೆದೆ. "ದೀಪ ಉಂಟು ಐತಪ್ಪ! ಎಂತ ತಡ?"

ಲೀಲಕ್ಕ ತಟ್ಟನೆ ಮಾಸ್ಟ್ರ ಬಾಯಿ ನೋಡಿದರು. ಅದು ಮುಚ್ಚಿತ್ತು. ಚಾದರದೊಳಗೆ ಐತಪ್ಪಣ್ಣನ ಕಾಲುಗಳು ಕುಗ್ಗಿದವು. ನನ್ನತ್ತ ತಿರುಗದೆ ಅವರು ಹೇಳಿದರು:

"ಸುರಂಗದಲ್ಲಿ ದೀಪ ನನ್ನ ಕೈಯಲ್ಲೇ ಇರ್ತಿತ್ತು."

ಅಧಿಕಾರಿ ಹೇಳಿಕೆ ತಿದ್ದಿಕೊಂಡರು. ನನ್ನ ಕೆಲಸ ಹೋಯಿತು, ಹೋಗಬೇಕಾದದ್ದೇ. ಐತಪ್ಪಣ್ಣ ಮತ್ತೆ ಯಾವ ಭರಣಿಗೂ, ಸುರಂಗಕ್ಕೂ ಇಳಿಯಲಿಲ್ಲ. ಈಗ ನಾನಿರುವ ಸೆಲ್ಲಾರಿನಲ್ಲಿ ಇಳಿಯುವವನೇ ದೀಪ ಇಳಿಸಿ ನೋಡುತ್ತಾನೆ. ಯಾರ ಕೂಗನ್ನೂ ನಂಬಿ ಇಳಿಯಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ. ನಾನು ಹೇಳಿದೆನೆಂದು ನಂಬುವುದೂ ಬೇಡ, ಬಗ್ಗಿ ದೀಪವನ್ನೇ ನೋಡಲಿ.