ಕಾಲು ಮುಂದಾಗಿ ಹುಟ್ಟಿದವಳು

ನಾನು ಕಾಲು ಮುಂದಾಗಿ ಹುಟ್ಟಿದವಳು. ತಲೆ ಬರಬೇಕಾದ ಕಡೆ ಪಾದ ಬಂತಂತೆ. ಸೂಲಗಿತ್ತಿ ಬೆವರು ಸುರಿಸಿ ಅಮ್ಮನನ್ನೂ ನನ್ನನ್ನೂ ಉಳಿಸಿಕೊಂಡಳು. ಊರಿನವರು ಹೊಗಳಿದ್ದು ಮಾತ್ರ ಸೂಲಗಿತ್ತಿಯ ಕೈಯನ್ನಲ್ಲ, ನನ್ನ ಪಾದವನ್ನು. ಹೀಗೆ ಹುಟ್ಟಿದವರು ಮೂರು ಸಲ ತುಳಿದರೆ ಬೆನ್ನು ಹಿಡಿದದ್ದು, ಸೊಂಟ ಉಳುಕಿದ್ದು ಬಿಟ್ಟುಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ನಾನು ನೆಟ್ಟಗೆ ನಿಲ್ಲುವುದನ್ನು ಕಲಿಯುವ ಮೊದಲೇ ನನ್ನನ್ನು ಕಂಕುಳಲ್ಲಿ ಹಿಡಿದು ಯಾರ್ಯಾರದೋ ಬೆನ್ನಿನ ಮೇಲೆ ನಿಲ್ಲಿಸಿದ್ದರು.

ಗುಬ್ಬಿ ತಾಲ್ಲೂಕು ಕಡಬದ ಹತ್ತಿರದ ನಮ್ಮ ಹಳ್ಳಿಯಲ್ಲಿ ತೆಂಗಿನಕಾಯಿ ಕೀಳುವವರಿದ್ದರು, ಮೂಟೆ ಹೊರುವವರಿದ್ದರು, ಕೆರೆಯ ಗೋಡುಮಣ್ಣು ಹೊಡೆಯುವವರಿದ್ದರು. ಎಲ್ಲರ ಬೆನ್ನೂ ಸರದಿಯ ಪ್ರಕಾರ ಹಿಡಿಯುತ್ತಿತ್ತು. ನಾನು ಸ್ಕೂಲಿಗೆ ಜಡೆ ಹಾಕಿಸಿಕೊಳ್ಳುವ ಹೊತ್ತಿಗೆ ನಮ್ಮ ಜಗಲಿಯ ಮೇಲೆ ಒಬ್ಬರಾದರೂ ಬೋರಲು ಬಿದ್ದಿರುತ್ತಿದ್ದರು. "ಒಸಿ ತುಳ್ದು ಹೋಗವ್ವ, ಪುಣ್ಯ ಬತ್ತದೆ" ಎನ್ನುತ್ತಿದ್ದರು. ನನಗೆ ಪುಣ್ಯ ಬೇಕಿರಲಿಲ್ಲ. ಬೆವರು, ಬೀಡಿ ನಾತದ ಆ ಬೆನ್ನುಗಳನ್ನು ಕಂಡರೆ ಅಸಹ್ಯವಾಗುತ್ತಿತ್ತು. ಒಲ್ಲೆ ಎಂದರೆ ಅಮ್ಮ, "ದೇವ್ರು ಕೊಟ್ಟಿರೋದನ್ನ ಇಲ್ಲ ಅನ್ಬಾರ್ದು ಕಣೇ" ಎಂದು ತಲೆಗೆ ಮೊಟಕುತ್ತಿದ್ದಳು. ತುಳಿಸಿಕೊಂಡವರು ಎದ್ದು ಸೊಂಟ ತಿರುಗಿಸಿ "ಹೋಯ್ತು ನೋಡು" ಅನ್ನುತ್ತಿದ್ದರು. ಹೋಗದೆ ಏನು ಮಾಡೀತು? ಉಳುಕು ಮೂರ್ನಾಲ್ಕು ದಿನಕ್ಕೆ ತಾನಾಗಿ ಹೋಗುವಂಥದ್ದು. ಅವರು ನನ್ನ ಹತ್ತಿರ ಬರುತ್ತಿದ್ದುದೇ ಮೂರನೇ ದಿನ.

ತೊಂಬತ್ತರ ದಶಕದ ನಡುವೆ ಗುಬ್ಬಿಯಲ್ಲಿ ಪಿಯುಸಿಗೆ ಸೇರಿದಾಗ ಕಬಡ್ಡಿ ಸಿಕ್ಕಿತು. ಅಲ್ಲಿ ನನ್ನ ಪಾದಕ್ಕೆ ಯಾರೂ ಕೈಮುಗಿಯುತ್ತಿರಲಿಲ್ಲ, ಹಿಡಿದೆಳೆದು ಬೀಳಿಸುತ್ತಿದ್ದರು. ಅದು ನನಗೆ ಎಷ್ಟು ಹಿತವಾಗಿತ್ತು ಎಂದು ಹೇಳಲಾರೆ. ನಾನು ಕಾರ್ನರ್‌ನಲ್ಲಿ ನಿಂತು ಬಂದವರ ಮೀನಖಂಡ ತಬ್ಬಿ ಹಿಡಿಯುತ್ತಿದ್ದೆ. ನಮ್ಮ ತಂಡದ ರೈಡರ್ ನನ್ನ ಗೆಳತಿ, ಪಕ್ಕದ ಹಳ್ಳಿಯವಳು, ಒಂದೇ ಬಸ್ಸಿನಲ್ಲಿ ಬಂದು ಹೋಗುವವಳು. ಒಣಕಲು ಮೈ, ಉದ್ದ ಕಾಲು. ಎದುರಾಳಿ ಅಂಕಣದಲ್ಲಿ ಹಿಡಿಯಲು ಬಂದವರ ತಲೆಯ ಮೇಲಿಂದಲೇ ಹಾರಿ ಗೆರೆ ಮುಟ್ಟುತ್ತಿದ್ದಳು. ಒಂದು ಸರ್ಕಾರಿ ಇಲಾಖೆಯ ಮಹಿಳಾ ತಂಡಕ್ಕೆ ಬೆಂಗಳೂರಿನಲ್ಲಿ ಆಯ್ಕೆ ನಡೆಯುವುದಿತ್ತು, ಅವಳಿಗೆ ಕರೆ ಬಂದಿತ್ತು. ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ಕಾಯಂ ಕೆಲಸ. ಕೆಲಸ ಸಿಕ್ಕರೆ ಮನೆಯಲ್ಲಿ ನಡೆಯುತ್ತಿದ್ದ ಮದುವೆ ಮಾತು ನಿಲ್ಲುತ್ತದೆ ಎಂದು ಅವಳು ದಿನಾ ಬಸ್ಸಿನಲ್ಲಿ ಹೇಳುತ್ತಿದ್ದಳು.

ನಮ್ಮ ಪಿ.ಟಿ. ಮೇಷ್ಟ್ರ ಬಗ್ಗೆ ನನಗೆ ಒಂದೇ ಒಂದು ಒಳ್ಳೆಯ ಮಾತೂ ಹೊಳೆಯುವುದಿಲ್ಲ, ಹುಡುಕುವ ಇಷ್ಟವೂ ಇಲ್ಲ. ಎಲ್ಲೋ ಕೆಲವು ತಿಂಗಳು ತರಬೇತಿ ಪಡೆದು ಬಂದಿದ್ದರು. ಅದಕ್ಕೆ ಸಾಕ್ಷಿಯಾಗಿ ಒಂದು ಟ್ರ್ಯಾಕ್‌ಸೂಟ್ ಇತ್ತು, ಅದನ್ನು ಮದುವೆ ಮನೆಗೂ ಹಾಕಿಕೊಂಡು ಹೋಗುತ್ತಿದ್ದರು. ಆಟದ ನಡುವೆ ನೀರು ಕುಡಿದರೆ ಹೊಟ್ಟೆ ಭಾರವಾಗಿ ಕಾಲು ಏಳುವುದಿಲ್ಲ ಎಂಬುದು ಅವರ ಶಾಸ್ತ್ರ. ಎರಡು ಗಂಟೆ ಬಿಸಿಲಲ್ಲಿ ಆಡಿಸಿ, ಕೊಡ ಎದುರಿಗೇ ಇಟ್ಟು, ಮುಟ್ಟಲು ಬಿಡುತ್ತಿರಲಿಲ್ಲ. ಯಾರಾದರೂ ಏದುಸಿರು ಬಿಟ್ಟು ಕೂತರೆ "ಸೋಮಾರಿ ಮುಂಡೇವು" ಎಂದು ಬೈಯುತ್ತಿದ್ದರು. ನಮ್ಮಲ್ಲಿ ಅರ್ಧ ಜನರ ಕಣ್ಣಿನ ಒಳರೆಪ್ಪೆ ಸುಣ್ಣದಂತೆ ಬೆಳ್ಳಗಿತ್ತು. ನಾವು ಸೋಮಾರಿಗಳಲ್ಲ, ಮೈಯಲ್ಲಿ ರಕ್ತ ಕಡಿಮೆ ಇದ್ದ ಹುಡುಗಿಯರು ಎಂದು ನನಗೆ ತಿಳಿದದ್ದು ವರ್ಷಗಳಾದ ಮೇಲೆ.

ಆಯ್ಕೆಗೆ ಮೂರು ವಾರ ಇರುವಾಗ ಅಭ್ಯಾಸದಲ್ಲಿ ಅವಳು ಬಿದ್ದಳು. ಯಾರೂ ಮುಟ್ಟಿರಲಿಲ್ಲ. ಹಾರಿ ಒಂಟಿ ಕಾಲಿನ ಮೇಲೆ ಇಳಿದಳು, ಇಳಿದ ಕಾಲಿನಲ್ಲೇ ತಿರುಗಿದಳು, ಎಡ ಮಂಡಿ ಒಳಕ್ಕೆ ವಾಲಿತು. ಹಸಿ ಕಡ್ಡಿ ಮುರಿದ ಹಾಗೆ ಒಂದು ಸದ್ದು, ಕಾರ್ನರ್‌ನಲ್ಲಿದ್ದ ನನಗೂ ಕೇಳಿಸಿತು. ನೋಡನೋಡುತ್ತಿದ್ದಂತೆ ಮಂಡಿಯ ಚಿಪ್ಪು ಕಾಣದಷ್ಟು ಊದಿಕೊಂಡಿತು. ಆಸ್ಪತ್ರೆ ಅಲ್ಲೇ ಇತ್ತು, ನಡೆದು ಹೋಗುವಷ್ಟು ದೂರದಲ್ಲಿ. ಮೇಷ್ಟ್ರು ಅವಳನ್ನು ಬೆಂಚಿನ ಮೇಲೆ ಮಲಗಿಸಿ ನನ್ನ ಕಡೆ ತಿರುಗಿದರು.

"ಏಯ್ ಕಾಲ್ಮುಂದಿನೋಳೇ, ಬಾ ಇಲ್ಲಿ. ತುಳಿ."

"ಸಾರ್, ನಾನು ಬೆನ್ನು ತುಳಿಯೋದು. ಇದು ಮಂಡಿ."

"ಮೂಳೆ ಎಲ್ಲಾ ಒಂದೇ ಕಣಮ್ಮ. ಡಾಕ್ಟ್ರ ಹತ್ರ ಹೋದ್ರೆ ಬ್ಯಾಂಡೇಜ್ ಸುತ್ತಿ ಎರಡು ತಿಂಗ್ಳು ಮಲಗ್ಸಿಬಿಡ್ತಾರೆ. ಆಯ್ಕೆಗೆ ನೀನು ಹೋಗ್ತೀಯಾ?"

ನಾನು ಅವಳ ಮುಖ ನೋಡಿದೆ. ಬೇಡ ಎನ್ನಲಿ ಎಂದು ಕಾದೆ. "ತುಳಿಯೇ, ನೀನು ತುಳಿದ್ರೆ ಹೋಗ್ತದೆ" ಎಂದು ಅವಳೇ ಹೇಳಿದಳು.

ಮೂರು ಸಲ ತುಳಿದೆ. ಪದ್ಧತಿಯಲ್ಲಿ ಅದು ಬರೀ ಸೋಕಿಸುವುದಲ್ಲ, ಮೈಭಾರ ಬಿಡಬೇಕು. ಇಬ್ಬರು ಹುಡುಗಿಯರ ಹೆಗಲು ಹಿಡಿದು ನಿಂತು ಭಾರ ಬಿಟ್ಟೆ. ನನ್ನ ಅಂಗಾಲಿನ ಕೆಳಗೆ ಮಂಡಿ ಬಿಸಿಯಾಗಿತ್ತು, ಮೆತ್ತಗಿತ್ತು. ಮೂರನೇ ಸಲ ಒಳಗೆ ಏನೋ ಸರಿದ ಹಾಗಾಯಿತು. ಅವಳು ವೇಲನ್ನು ಬಾಯಿಗೆ ತುರುಕಿಕೊಂಡಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ನಿಂತು, ನಾಲ್ಕು ಹೆಜ್ಜೆ ನಡೆದು, "ಹೋಯ್ತು ಸಾರ್" ಎಂದಳು. ಹುಡುಗಿಯರು ಚಪ್ಪಾಳೆ ಹೊಡೆದರು. ಹುಟ್ಟಿದಾಗಿನಿಂದ ಆ ಪಾದವನ್ನು ದ್ವೇಷಿಸಿದ್ದ ನನಗೆ ಆವತ್ತು ಹೆಮ್ಮೆಯಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಹಾಗೇ.

ಒಂದು ವಾರ ಕೂರಿಸಿ, ಆಮೇಲೆ ಮಂಡಿಗೆ ಬಟ್ಟೆ ಬಿಗಿದು ಮೇಷ್ಟ್ರು ಅವಳನ್ನು ಮತ್ತೆ ಆಡಿಸಿದರು. ಊತ ಇಳಿದಿತ್ತು. ನೇರ ನಡೆಯುತ್ತಿದ್ದಳು, ನೇರ ಓಡುತ್ತಿದ್ದಳು. ತಿರುಗುವಾಗ ಮಾತ್ರ ಒಮ್ಮೊಮ್ಮೆ ಕಾಲು ಕೈಕೊಡುತ್ತಿತ್ತು, ಆಗ ನಕ್ಕು ಸಾವರಿಸಿಕೊಳ್ಳುತ್ತಿದ್ದಳು. ಬೆಂಗಳೂರಿಗೆ ನಾನೂ ಜೊತೆಗೆ ಹೋಗಿದ್ದೆ. ಎರಡನೇ ರೈಡಿನಲ್ಲಿ ಬೋನಸ್ ಗೆರೆ ಮುಟ್ಟಿ ಹಿಂದಕ್ಕೆ ತಿರುಗಿದಳು. ಮಂಡಿ ಹೊರಳಿತು. ಈ ಸಲ ಅವಳು ಕಿರುಚಿದ್ದು ಕೇಳಿ ಪಕ್ಕದ ಅಂಕಣದವರೂ ಆಟ ನಿಲ್ಲಿಸಿದರು. ಮಡಿಸಿದ ಮಂಡಿ ಮಡಿಸಿದ ಹಾಗೇ ಸಿಕ್ಕಿಹಾಕಿಕೊಂಡಿತ್ತು, ನಾಲ್ಕು ಜನ ಎತ್ತಿಕೊಂಡು ಬಂದರು.

ಕೆಲಸ ಹೋಯಿತು. ಆಪರೇಷನ್ ಎಂದು ಯಾರೋ ಹೇಳಿದ್ದಕ್ಕೆ ಮನೆಯವರು ಹೆದರಿ ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಮೊಟ್ಟೆ ಮೆತ್ತಿ, ಬಿದಿರಿನ ದಬ್ಬೆ ಕಟ್ಟಿ ತಿಂಗಳುಗಟ್ಟಲೆ ಮಲಗಿಸಿದರು. ಬಿಚ್ಚಿದಾಗ ಕಾಲು ಪೂರ್ತಿ ಮಡಿಸಲೂ ಬರಲಿಲ್ಲ, ಪೂರ್ತಿ ಚಾಚಲೂ ಬರಲಿಲ್ಲ. ಕಾಲೇಜಿನಲ್ಲಿ ಪ್ರಿನ್ಸಿಪಾಲರು ನಮ್ಮನ್ನೆಲ್ಲ ಕರೆಸಿ ಕೇಳಿದಾಗ ಮೇಷ್ಟ್ರು ಏನು ಹೇಳಿದರು ಗೊತ್ತೇ? "ಆ ಹುಡುಗಿ ತುಳಿದು ಕೆಡಿಸಿಬಿಟ್ಲು, ನಾನು ಬೇಡ ಬೇಡ ಅಂತಾನೇ ಇದ್ದೆ." ಪ್ರಿನ್ಸಿಪಾಲರ ಕೋಣೆಯಲ್ಲಿ, ನನ್ನ ಎದುರಿಗೇ, ಕಣ್ಣು ಮಿಟುಕಿಸದೆ ಹೇಳಿದರು. ಅಲ್ಲಿದ್ದ ಯಾವ ಹುಡುಗಿಯೂ ಬಾಯಿ ಬಿಡಲಿಲ್ಲ.

ಮಾರನೆಯ ದಿನ ಗೆಳತಿಯ ಅಮ್ಮ ನಮ್ಮ ಮನೆ ಮುಂದೆ ಬಂದು ನಿಂತು ಮಣ್ಣು ತೂರಿದಳು. "ಇವ್ಳ ಕಾಲಿಗೆ ಬೆಂಕಿ ಬೀಳ! ನನ್ ಮಗ್ಳ ಅನ್ನ ತುಳಿದ್ಬುಟ್ಲಲ್ರಪ್ಪಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಅವತ್ತಿನಿಂದ ನಮ್ಮ ಜಗಲಿಯ ಮೇಲೆ ಒಂದು ಬೆನ್ನೂ ಬಂದು ಬೀಳಲಿಲ್ಲ. ವರ್ಷಾನುಗಟ್ಟಲೆ ನನ್ನ ಪಾದ ಕಣ್ಣಿಗೊತ್ತಿಕೊಂಡವರು ಈಗ ಬೆಳಿಗ್ಗೆ ನಾನು ಎದುರಾದರೆ ದಾರಿ ಬದಲಿಸಿದರು. ಎರಡು ಗಂಡಿನ ಕಡೆಯವರು ಬಂದು ನೋಡಿ, ಒಪ್ಪಿ, ಆಮೇಲೆ ಕಾಲ್ಗುಣ ಸರಿಯಿಲ್ಲವಂತೆ ಎಂದು ಹೇಳಿಕಳಿಸಿದರು. ಇಬ್ಬರ ಕಿವಿಗೂ ಮಾತು ಮುಟ್ಟಿಸಿದ್ದು ಅವಳ ಅಮ್ಮನೇ. ನಾನು ತಿರುಗಿ ಬೈಯಲಿಲ್ಲ. ಆಕೆ ಹೇಳುತ್ತಿದ್ದುದು ನಿಜ ಎಂದೇ ನಾನೂ ನಂಬಿದ್ದೆ.

ಆಮೇಲೆ ಪಿ.ಟಿ. ಟೀಚರಾಗಲು ಬಿ.ಪಿ.ಎಡ್. ಓದಿದೆ. ಶರೀರಶಾಸ್ತ್ರ ಹೇಳಿಕೊಡುವ ಮೇಡಂ ಒಂದು ದಿನ ಪ್ಲಾಸ್ಟಿಕ್ಕಿನ ಮಂಡಿಯನ್ನು ಕ್ಲಾಸಿಗೆ ತಂದರು. ತೊಡೆಯ ಮೂಳೆ, ಮಂಡಿಯ ಕೆಳಗಿನ ಮೂಳೆ, ಎರಡನ್ನೂ ಒಳಗಿಂದ ಹಿಡಿದಿಡುವ ಹುರಿಯಂಥ ಅಸ್ಥಿರಜ್ಜು, ನಡುವೆ ಮೆತ್ತೆಯಂತೆ ಎರಡು ಮೃದ್ವಸ್ಥಿ. ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲಿದರೆ ಯಾರೂ ಮುಟ್ಟದೆ ಆ ಹುರಿ ಹರಿಯಬಹುದು, ಹುಡುಗಿಯರಲ್ಲಿ ಇದು ಹೆಚ್ಚು ಎಂದರು. ಟಪ್ ಎಂದು ಸದ್ದು ಬಂದು ಬೇಗ ಊದಿಕೊಂಡರೆ ಕೀಲಿನೊಳಗೆ ರಕ್ತ ತುಂಬಿದೆ ಎಂದರ್ಥ, ಅಲುಗಾಡಿಸದೆ ಐಸ್ ಇಟ್ಟು ಆಸ್ಪತ್ರೆಗೆ ಒಯ್ಯಬೇಕು. ನೋವು ವಾರದಲ್ಲಿ ಇಳಿಯುತ್ತದೆ, ಅದೇ ಮೋಸ. ಹರಿದದ್ದು ಹರಿದೇ ಇರುತ್ತದೆ, ಆಡಿದರೆ ಮೆತ್ತೆಯೂ ಹೋಗುತ್ತದೆ. ಮೇಡಂ ಆ ಮಂಡಿಯನ್ನು ಕೈಯಿಂದ ಕೈಗೆ ದಾಟಿಸಿದರು. ನನ್ನ ಸರದಿ ಬಂದಾಗ ನಾನು ಮುಟ್ಟದೆ ಪಕ್ಕದವಳಿಗೆ ಕೊಡಿ ಎಂದೆ.

ಕುಣಿಗಲ್‌ನ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ನನ್ನ ಮೈದಾನದಲ್ಲಿ ನೀರಿನ ಕೊಡ ಗೆರೆಯ ಪಕ್ಕದಲ್ಲೇ ಇರುತ್ತದೆ. ಹಾರಿ ಇಳಿಯುವುದನ್ನು ಕಲಿಯದ ಹುಡುಗಿಯನ್ನು ನಾನು ರೈಡಿಗೆ ಬಿಡುವುದಿಲ್ಲ, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರಿಸಿ ತೊಡೆ ನಡುಗುವ ತನಕ ಏಳಿಸುವುದಿಲ್ಲ. ಮಂಡಿಯನ್ನು ಕಾಯುವುದು ತೊಡೆ. ಹೆಣ್ಣುಮಕ್ಕಳ ತೊಡೆ ದಪ್ಪ ಮಾಡ್ತಾಳೆ ಎಂದು ತಾಯಂದಿರು ಹೆಡ್‌ಮಾಸ್ಟರಿಗೆ ದೂರು ಕೊಟ್ಟರು. ಹೆಡ್‌ಮಾಸ್ಟರು ನನ್ನನ್ನು ಕರೆಸಿ ಕೇಳಿದಾಗ, ಬೇಕಾದರೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದಿತ್ತು. ಆ ಗೆಳತಿ ಮದುವೆಯಾಗಿ ತುಮಕೂರಿನಲ್ಲಿದ್ದಾಳೆ, ಶಿರಾ ಗೇಟ್ ಹತ್ತಿರ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ ಎಂದು ತಿಳಿಯಿತು. ಒಂದು ಭಾನುವಾರ ಬೆಳಿಗ್ಗೆ ಹೋದೆ. ಕಾಲು ಹಿಡಿದಾದರೂ ಕ್ಷಮೆ ಕೇಳಬೇಕು ಎಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳು ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ, ಮೋಟಾರ್ ಹಾಕಿಸಿದ ಮಷೀನಿನಲ್ಲಿ ಹೊಲಿಯುತ್ತಿದ್ದಳು. ಗುರುತು ಹಿಡಿದು ನಕ್ಕಳು. ಟೀ ತರಿಸಿದಳು. ಅವಳ ಅಮ್ಮ ತೀರಿಕೊಂಡಿದ್ದು ಆಗಲೇ ಗೊತ್ತಾಯಿತು. ನಾನು ಟೀ ಮುಟ್ಟದೆ ಒಂದೇ ಉಸಿರಿಗೆ ಎಲ್ಲ ಹೇಳಿದೆ: ಹುರಿ, ಮೆತ್ತೆ, ನಾನು ಬಿಟ್ಟ ಮೈಭಾರ, ನನ್ನಿಂದ ಹೋದ ಕೆಲಸ.

ಅವಳು ಕತ್ತರಿ ಕೆಳಗಿಟ್ಟಳು. "ನೀನು ತುಳಿದಾಗ ನೋವು ಹೋಗ್ಲಿಲ್ಲ ಕಣೇ. ಜಾಸ್ತಿ ಆಯ್ತು. ಒಳಗೆ ಏನೋ ಹರಿದೋಗೈತೆ ಅಂತ ನಂಗೆ ಬೀಳ್ತಿದ್ದಂಗೇ ಗೊತ್ತಾಗಿತ್ತು."

"ಮತ್ತೆ ಹೋಯ್ತು ಅಂದೆ?"

"ಇಲ್ಲ ಅಂದಿದ್ರೆ ಬೆಂಗ್ಳೂರಿಗೆ ಕಳಿಸ್ತಿದ್ರಾ? ನಿನ್ನ ಕಾಲು ಎಲ್ರೂ ನಂಬ್ತಿದ್ರು. ನೀನು ತುಳಿದು ವಾಸಿ ಆಯ್ತು ಅಂದ್ರೆ ಮೇಷ್ಟ್ರು ಇನ್ನೊಂದು ಮಾತು ಕೇಳಲ್ಲ. ಅದಕ್ಕೇ ತುಳಿ ಅಂದಿದ್ದು."

"ನಿಮ್ಮಮ್ಮ ನಮ್ಮನೆ ಮುಂದೆ ಮಣ್ಣು ತೂರಿದ್ರು" ಎಂದೆ.

"ಗೊತ್ತು."

"ಗಂಡಿನ ಕಡೆಯವ್ರಿಗೂ ಹೇಳಿದ್ರು. ಎರಡು ಸಲ."

"ಅದೂ ಗೊತ್ತು."

"ಒಂದು ಮಾತು, ಒಂದೇ ಒಂದು ಮಾತು ನಿಮ್ಮಮ್ಮಂಗೆ ಹೇಳಬಹುದಿತ್ತಲ್ಲೇ?"

ಅವಳು ಬಾಬಿನ್‌ನಿಂದ ಎಳೆದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಹೇಳಿದ್ರೆ ನನ್ನನ್ನೇ ಬೈತಿದ್ಲು. ನೋವು ಮುಚ್ಚಿಟ್ಕೊಂಡು ಯಾಕೆ ಆಡ್ದೆ ಅಂತ. ನಿನ್ನ ಬೈದ್ರೆ ನಂಗೇನೂ ಆಗ್ತಿರ್ಲಿಲ್ವಲ್ಲ."

ನನ್ನ ಭಾರ ಅವಳ ಮಂಡಿಗೆ ಒಳ್ಳೆಯದನ್ನು ಮಾಡಿರಲಿಲ್ಲ, ಆ ಪಾಲು ನನ್ನದೇ, ಅದನ್ನು ಯಾರಿಗೂ ದಾಟಿಸುವುದಿಲ್ಲ. ಆದರೆ ಇಷ್ಟು ವರ್ಷ ನಾನು ಹೊತ್ತದ್ದು ನನ್ನ ಪಾಲಷ್ಟೇ ಆಗಿರಲಿಲ್ಲ. ಹೊಡೆಯಬೇಕು ಎನ್ನುವಷ್ಟು ಸಿಟ್ಟು ಬಂತು. ಅಭ್ಯಾಸಬಲದಿಂದ ಕಣ್ಣು ಅವಳ ಕಾಲಿನ ಮೇಲೆ ಹೋಯಿತು. ಎಡ ತೊಡೆ ಬಲ ತೊಡೆಗಿಂತ ಸೀರೆಯ ಮೇಲಿಂದಲೇ ಗೊತ್ತಾಗುವಷ್ಟು ಸೊರಗಿತ್ತು. ಏಳುವಾಗ ಅವಳು ಮೇಜನ್ನು ಹಿಡಿದೇ ಎದ್ದಳು. ಅದಕ್ಕೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು ಒತ್ತುವುದರಿಂದ ಶುರು ಮಾಡಿ, ಕೆಲವೇ ತಿಂಗಳಲ್ಲಿ ಮೆಟ್ಟಿಲು ಹತ್ತುವಷ್ಟಾದರೂ ಬಲ ಬರಿಸಬಹುದಿತ್ತು. ಎಂಥೆಂಥ ಹುಡುಗಿಯರಿಗೋ ದಿನಾ ಮಾಡಿಸುತ್ತೇನೆ.

ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ. ಅವಳು ಹಿಂದಿನಿಂದ ಕರೆದಳು, ತಿರುಗಲಿಲ್ಲ. ಕುಣಿಗಲ್ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಅವಳ ಮಂಡಿಗಾಗಿ ಎಷ್ಟೋ ಸಲ ಅತ್ತಿದ್ದ ನಾನು ಮೊದಲ ಸಲ ನನಗೋಸ್ಕರ ಅತ್ತೆ. ಆ ವ್ಯಾಯಾಮವನ್ನು ಅವಳಿಗೆ ಇವತ್ತಿನವರೆಗೂ ಹೇಳಿಕೊಟ್ಟಿಲ್ಲ.