ಶನಿವಾರದ ಗಣಿತ

ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸಿ ಕುದಿಸಿದ ಮೈದಾ ಅಂಟಿನ ವಾಸನೆ ಅದು. ಕಳೆದ ವಾರ ಚಾಮರಾಜನಗರದ ಬೈಂಡಿಂಗ್ ಅಂಗಡಿಯೊಂದರ ಮುಂದೆ ಮೂಗಿಗೆ ಬಡಿದದ್ದೇ ಅಲ್ಲೇ ನಿಂತುಬಿಟ್ಟೆ. ಗುಂಡ್ಲುಪೇಟೆಯ ಕಾಲೇಜಿನಲ್ಲಿದ್ದ ಲೈಬ್ರರಿ ಮೇಷ್ಟ್ರ ಕೈ ಯಾವಾಗಲೂ ಇದೇ ವಾಸನೆ ಹೊಡೆಯುತ್ತಿತ್ತು... ಹರಿದ ಪುಸ್ತಕಗಳನ್ನು ಅವರೇ ಕೂತು ಅಂಟಿಸುತ್ತಿದ್ದರು.

ನಾನು ಆಗ ಚಾಮರಾಜನಗರದ ಕಾಲೇಜೊಂದರಲ್ಲಿ ಇಂಗ್ಲಿಷಿನ ಅತಿಥಿ ಉಪನ್ಯಾಸಕಿ. ಹರದನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ನಮ್ಮಲ್ಲಿ ಗಣಿತಕ್ಕೆ ಯಾರೂ ಇರಲಿಲ್ಲ. ಗುಂಡ್ಲುಪೇಟೆಯಲ್ಲಿ ಒಳ್ಳೆಯ ಗಣಿತದ ಮೇಷ್ಟ್ರಿದ್ದರು, ಇಂಗ್ಲಿಷಿಗೆ ಗತಿಯಿರಲಿಲ್ಲ. ಇದನ್ನು ವಿಚಾರಿಸಿ ತಿಳಿದುಕೊಂಡ ಲೈಬ್ರರಿ ಮೇಷ್ಟ್ರು ಒಂದು ದಿನ ನಮ್ಮ ಸ್ಟಾಫ್ ರೂಮಿಗೇ ಬಂದರು.

"ನಿಮ್ತಾವ ಇಲ್ದಿರೋದು ನಮ್ತಾವ ಅದೆ, ನಮ್ತಾವ ಇಲ್ದಿರೋದು ನಿಮ್ತಾವ ಅದೆ. ಮಕ್ಳು ಯಾಕ್ ಮೇಡಂ ಫೇಲಾಗ್ಬೇಕು?"

ಹಾಗೆ ಶುರುವಾಯಿತು. ಒಂದು ಶನಿವಾರ ನಮ್ಮ ಐದು ಮಕ್ಕಳು ಅಲ್ಲಿಗೆ ಹೋಗುವುದು, ಮರುವಾರ ಅಲ್ಲಿಯವರು ನನ್ನ ಬಳಿಗೆ ಬರುವುದು. ಜೊತೆಯಲ್ಲಿ ಲೈಬ್ರರಿಯ ಪುಸ್ತಕಗಳೂ ಹೋಗಿಬಂದವು. ಇನ್ನೆರಡು ಕಾಲೇಜುಗಳನ್ನು ಸೇರಿಸಲು ಮೇಷ್ಟ್ರು ತಿಂಗಳುಗಟ್ಟಲೆ ಓಡಾಡಿದರು. ಎಲ್ಲರೂ ಹೂಂ ಅಂದರು, ಯಾರೂ ಬರಲಿಲ್ಲ.

ನಮ್ಮ ಐವರಲ್ಲಿ ಕುದೇರಿನ ಹುಡುಗಿಯೊಬ್ಬಳಿದ್ದಳು. ಗಣಿತದಲ್ಲಿ ಎರಡು ಸಲ ಫೇಲಾಗಿದ್ದಳು. ಈ ಸಲವೂ ಹೋದರೆ ಓದು ಬಿಡಿಸುತ್ತೇನೆಂದು ಅವಳ ಅಪ್ಪ ಹೇಳಿಯಾಗಿತ್ತು. ಮೂರನೆಯ ಸಲ ಗುಂಡ್ಲುಪೇಟೆಗೆ ಹೋಗಿಬಂದವಳು, "ಮೇಡಂ, ನಾನೇ ಮಾಡ್ಬುಟ್ಟೆ!" ಎಂದು ನೋಟ್‌ಬುಕ್ಕನ್ನು ನನ್ನ ಮುಖಕ್ಕೇ ಹಿಡಿದಿದ್ದಳು.

ಅಷ್ಟರಲ್ಲಿ ಒಂದು ಶನಿವಾರ ದಾರಿಯಲ್ಲಿ ಬಸ್ಸು ಕೆಟ್ಟು, ಮಕ್ಕಳು ಮನೆ ಸೇರುವಾಗ ದೀಪ ಹಚ್ಚುವ ಹೊತ್ತಾಯಿತು. ಯಾರಿಗೂ ಏನೂ ಆಗಿರಲಿಲ್ಲ. ಆದರೂ ಒಬ್ಬಳ ಮನೆಯವರು ಬಂದು ಕೂಗಾಡಿದರು. ಅನುಮತಿ ಕೊಟ್ಟವರು ಯಾರೆಂದು ನಮ್ಮ ಪ್ರಿನ್ಸಿಪಾಲರು ಕೇಳಿದರು. ಬಾಯಿಮಾತಿನಲ್ಲಿ ಒಪ್ಪಿದ್ದವರು ಅವರೇ... ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ಮುಂದಿನ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿ ಅವರ ಮೇಜಿನ ಮೇಲಿತ್ತು. "ಮಕ್ಕಳನ್ನು ಗುಂಡ್ಲುಪೇಟೆಗೆ ಕಳುಹಿಸುವ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ" ಎಂದು ಬರೆದುಕೊಟ್ಟೆ. ಅನುಮತಿಯಿಲ್ಲದೆ ಮಕ್ಕಳನ್ನು ಕರೆಸಿಕೊಂಡರೆಂದು ಲೈಬ್ರರಿ ಮೇಷ್ಟ್ರಿಗೆ ಅವರ ಕಾಲೇಜಿನಿಂದಲೇ ನೋಟಿಸು ಹೋಯಿತು. ಶನಿವಾರಗಳು ನಿಂತವು.

ತಡೆಯಲಾರದೆ ಗುಂಡ್ಲುಪೇಟೆಗೆ ಹೋದೆ. ನಾನು ಬರೆದದ್ದರ ನಕಲು ಮೇಷ್ಟ್ರ ಮುಂದಿತ್ತು.

"ಓಗ್ಲಿ ಬುಡಮ್ಮ, ನಿನ್ ಕೆಲ್ಸ ಉಳೀತಲ್ಲ," ಅಂದರು. ಹರಿದ ಪುಸ್ತಕವೊಂದಕ್ಕೆ ಅಂಟು ಸವರುತ್ತಾ, "ಆ ಕುದೇರು ಮಗೀಗೆ ಇನ್ನೆರಡು ಶನಿವಾರ ಸಾಕಾಗಿತ್ತು ಕಣಮ್ಮ..."

ಪಾಠ ನಿಂತ ಮೇಲೆ ಹೇಗೂ ಫೇಲೇ ಎಂದು ಅಪ್ಪ ಓದು ಬಿಡಿಸಿದ್ದರಿಂದ ಆ ಮಗು ಪರೀಕ್ಷೆಗೇ ಕೂರಲಿಲ್ಲ. ಟಿ.ಸಿ. ತೆಗೆದುಕೊಳ್ಳಲು ಅಪ್ಪನ ಜೊತೆ ಬಂದವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಲೈಬ್ರರಿ ಸಾರ್ ಸಿಕ್ಕುದ್ರೆ ಯೋಳಿ ಮೇಡಂ, ನೋಟ್ಸೆಲ್ಲಾ ಜ್ವಾಪಾನ ಮಡಗಿವ್ನಿ ಅಂತ," ಎಂದಳು. ನಾನು ಹೇಳಲಿಲ್ಲ. ಯಾವ ಮುಖ ಹೊತ್ತು ಮತ್ತೆ ಅಲ್ಲಿಗೆ ಹೋಗಲಿ?

ನಿವೃತ್ತರಾದ ವರ್ಷವೇ ಮೇಷ್ಟ್ರು ತೀರಿಕೊಂಡರು. ನನಗೆ ತಿಳಿದದ್ದು ತಿಥಿಯೂ ಮುಗಿದ ಮೇಲೆ.

ನಾನು ಈಗಲೂ ಅದೇ ಕಾಲೇಜಿನಲ್ಲಿ ಅತಿಥಿಯೇ. ಗಣಿತಕ್ಕೆ ಈ ವರ್ಷವೂ ಯಾರೂ ಬಂದಿಲ್ಲ. ಗುಂಡ್ಲುಪೇಟೆಯಲ್ಲಿ ಯಾರಿದ್ದಾರೆಂದು ನಾವು ವಿಚಾರಿಸುವುದಿಲ್ಲ, ಅವರೂ ನಮ್ಮನ್ನು ಕೇಳುವುದಿಲ್ಲ. ಮೊನ್ನೆ ತರಗತಿಗೆ ಹೋದರೆ ಬೋರ್ಡಿನ ಮೇಲೆ ಯಾರೋ ಲೆಕ್ಕವೊಂದನ್ನು ಅರ್ಧಕ್ಕೇ ಬಿಟ್ಟಿದ್ದರು. ಮಕ್ಕಳೆಲ್ಲ ಸುಮ್ಮನೆ ಅದನ್ನೇ ನೋಡುತ್ತಾ ಕೂತಿದ್ದರು. ಒಂದು ಗಳಿಗೆ ನಾನೂ ನೋಡಿದೆ... ಆಮೇಲೆ ಅಳಿಸಿ, ನನ್ನ ಪಾಠ ಶುರುಮಾಡಿದೆ.